ಹೆಬ್ಬೆರಳಿನಷ್ಟು ಜಾಗ

ಸ್ಪೇಸ್ ಬಾರ್ ಎಂಬ ಆ ಉದ್ದನೆಯ ಕೀಲಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಎರಡು ಪದಗಳ ನಡುವೆ ಒಂದು ಸಲ ಒತ್ತಿ ಕೈ ತೆಗೆದರೆ ಅದರಷ್ಟು ಸಾಧು ಕೀಲಿ ಇನ್ನೊಂದಿಲ್ಲ. ಸಿಟ್ಟು ಬರುವುದು ಅದನ್ನು ಟಕಟಕ ಒತ್ತುತ್ತ, ದನ ಅಟ್ಟಿದಂತೆ ಅಕ್ಷರಗಳನ್ನು ಬಲಕ್ಕೆ ಅಟ್ಟುವವರ ಮೇಲೆ. ರೋಣದಲ್ಲಿ ನನ್ನ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಪುಸ್ತಕವೋ, ಪ್ರಬಂಧವೋ, ಸಂಘದ ವರದಿಯೋ, ಪುಟ ಕಟ್ಟಿಕೊಡುವುದು ನನ್ನ ಕೆಲಸ. ಕಟ್ಟುವಾಗ ಬೈಯುವುದೂ ಅದರಲ್ಲೇ ಬಂತು.

ಆ ವರ್ಷ ಮೊಹರಂ ಮಳೆಗಾಲದ ಮೊದಲಿಗೇ ಬರುವುದಿತ್ತು. ಊರೆಲ್ಲ ಹೆಸರು ಬಿತ್ತುವ ಗಡಿಬಿಡಿಯಲ್ಲಿತ್ತು. ಜಕ್ಕಲಿಯ ನಿವೃತ್ತ ಮಾಸ್ತರರೊಬ್ಬರು ಚಪ್ಪಲಿಗೆ ಹತ್ತಿದ ಎರೆಮಣ್ಣನ್ನು ಮೆಟ್ಟಿಲಿನ ಅಂಚಿಗೆ ಕೆರೆದು ತೆಗೆದು ಮೇಲೆ ಬಂದರು. ಕಿಸೆಯಿಂದ ಪೆನ್ ಡ್ರೈವ್ ತೆಗೆದು ನನ್ನ ಮುಂದಿಟ್ಟರು.

“ಪುಸ್ತಕ ಮಾಡಬೇಕವಾ. ಎಲ್ಲಾ ಟೈಪ್ ಆಗೇತಿ. ನೀ ಬರೇ ಜೋಡಸೂದು ಅಷ್ಟ.”

‘ಬರೇ’ ಎಂಬ ಮಾತಿಗೇ ನನಗೆ ಅರ್ಧ ಸಿಟ್ಟು ಬಂದಿತ್ತು.

“ಎಲ್ಲಿ ಟೈಪ್ ಮಾಡಿಸೀರ್ರಿ?”

“ಒಂದಿಷ್ಟು ಇಲ್ಲೇ ರೋಣದಾಗ, ಪೆನ್ಶನ್ ಕೆಲಸಕ್ಕ ಬಂದಾಗ. ಒಂದಿಷ್ಟು ನರಗುಂದದಾಗ, ಮಗಳ ಮನಿಗೆ ಹೋದಾಗ. ಉಳಿದದ್ದು ಗಜೇಂದ್ರಗಡದಾಗ, ಲಗ್ನಪತ್ರಿಕಿ ಮಾಡೋ ಅಂಗಡ್ಯಾಗ.”

“ಇಲ್ಲೇ ರೋಣದಾಗ ಮಾಡಿಸೀರಿ ಅಂದ್ರ ನನ್ನ ಕಡೆ ಯಾಕ ಬರಲಿಲ್ಲ ಮತ್ತ?”

“ನೀ ಬೈತಿ ಅಂತ,” ಎಂದರು ಮಾಸ್ತರು, ಒಂದಿಷ್ಟೂ ನಾಚದೆ.

ಪುಸ್ತಕ ಯಾವುದೆಂದು ಕೇಳಿದೆ. ರಿವಾಯತ್ ಪದಗಳು. ಮೊಹರಂ ದಿನಗಳಲ್ಲಿ, ಬೆಂಕಿ ಹಾಕುವ ಅಲಾವಿ ಕುಣಿಯ ಸುತ್ತ ನಿಂತು ಕರಬಲದ ಯುದ್ಧದ ಕಥೆ ಹೇಳುವ ಕನ್ನಡದ ಹಾಡುಗಳು. ನಮ್ಮ ಕಡೆ ಇವುಗಳನ್ನು ಹಾಡುವ ಮೇಳಗಳಲ್ಲಿ ಮುಸಲ್ಮಾನರೂ ಇರುತ್ತಾರೆ, ಲಿಂಗಾಯತರೂ ಇರುತ್ತಾರೆ, ಯಾರೂ ಅದನ್ನು ವಿಶೇಷವೆಂದು ಎಣಿಸುವುದಿಲ್ಲ. ಈ ಮಾಸ್ತರು ಮೀಸೆ ಚಿಗುರುವ ಮೊದಲಿನಿಂದ ಪುರ್ತಗೇರಿಯ ಮೇಳದ ಹಿಮ್ಮೇಳದಲ್ಲಿದ್ದವರು. ಆ ಮೇಳದ ಮುಂದಿನವರು, ಅಂದರೆ ಸಾಲು ಎತ್ತಿಕೊಡುವವರು, ಗಾದಿ ಹೊಲಿಯುವ ಒಬ್ಬ ಅಜ್ಜ. ನಾನು ಚಿಕ್ಕವಳಿದ್ದಾಗ ಅವರ ಹಾಡು ಕೇಳಿದ್ದೇನೆ. ಅವರು ದನಿ ಎತ್ತಿದರೆ ಮೈಕು ಬೇಕಾಗುತ್ತಿರಲಿಲ್ಲ.

“ಅಜ್ಜಗ ಗಂಟಲ ಆಪರೇಶನ್ ಆತು. ಜೀವ ಉಳೀತು, ದನಿ ಹೋತು,” ಎಂದರು ಮಾಸ್ತರು. “ಈ ಸಲ ಅವರ ಅಳಿಯ ಎತ್ತಿಕೊಡಬೇಕು. ಅಂವಗ ಪದ ಬರೂದಿಲ್ಲ. ಬರೇ ಕೇಳ್ಯಾನ ಅಷ್ಟ. ಪುಸ್ತಕ ನೋಡಕೊಂತ ಹಾಡಬೇಕು. ಗುದ್ದಲಿ ಬೀಳೂದ್ರಾಗ ಪುಸ್ತಕ ಕೈಯಾಗ ಇರದಿದ್ರ ಮೇಳ ನಿಂತಂಗ ತಿಳಿ. ಕುಣಿ ಮುಂದ ಬ್ಯಾರೆ ಊರ ಮೇಳದವರು ನಿಂದರ್ತಾರ.”

ಗುದ್ದಲಿ ಬೀಳುವುದೆಂದರೆ ಚಂದ್ರ ಕಂಡ ಮೇಲೆ ಅಲಾವಿ ಕುಣಿ ತೋಡಲು ಮೊದಲ ಏಟು ಹಾಕುವುದು. ಆ ಸಂಜೆಯಿಂದಲೇ ಹಾಡು ಶುರು. ಕೈಯಲ್ಲಿ ದಿನಗಳು ಹೆಚ್ಚಿರಲಿಲ್ಲ.

“ಅಜ್ಜಾರು ಕೈಲೆ ಬರೆದ ಹಾಳಿ ಕೊಡ್ರಿ. ಅದನ್ನ ಬಾಜೂಕ ಇಟಗೊಂಡು ನೋಡತೇನಿ.”

“ಹಾಳಿ ಎಲ್ಲವ ಈಗ? ಟೈಪ್ ಆತಲ್ಲ ಅಂತ ಅಂಗಡಿಯವರು ರದ್ದಿಗೆ ಹಾಕ್ಯಾರ.”

ಮೂರೂ ಊರಿನ ಅಂಗಡಿಯವರು, ಮೂರೂ ಕಡೆ, ಒಂದು ಮಾತು ಕೇಳದೆ ಒಬ್ಬ ಮನುಷ್ಯನ ಜೀವಮಾನದ ಹಾಳೆಗಳನ್ನು ರದ್ದಿಗೆ ಹಾಕಿದ್ದರು. ನಾನು ಆಗ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಮಾಸ್ತರು ಅದಕ್ಕೆಂದೇ ತಯಾರಾಗಿ ಬಂದಿದ್ದರೇನೋ, ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, “ಚಾ ಹೇಳ್ಲೇನವಾ?” ಎಂದರು.

ಯಾವ ಕಡತ ಬಂದರೂ ನಾನು ಮೊದಲು ಮಾಡುವ ಕೆಲಸ ಒಂದೇ. ಕಂಟ್ರೋಲ್, ಶಿಫ್ಟ್, ಎಂಟು. ಮೂರನ್ನೂ ಕೂಡಿಸಿ ಒತ್ತಿದರೆ ವರ್ಡ್‌ನಲ್ಲಿ ಕಾಣದ ಗುರುತುಗಳೆಲ್ಲ ಕಾಣುತ್ತವೆ. ಒಂದೊಂದು ಸ್ಪೇಸಿಗೆ ಒಂದೊಂದು ಚುಕ್ಕಿ, ಒಂದೊಂದು ಎಂಟರ್ ಕೀಲಿಗೆ ಒಂದೊಂದು ಕೊಕ್ಕೆ, ಟ್ಯಾಬಿಗೆ ಬಾಣ. ಅಲ್ಲಿಯವರೆಗೆ ಮುಖಕ್ಕೆ ಪೌಡರ್ ಬಳಿದುಕೊಂಡು ಕೂತ ಪುಟ ಆಗ ನಿಜರೂಪ ತೋರಿಸುತ್ತದೆ.

ರೋಣದ ಕಡತದಲ್ಲಿ ನೆಲಕ್ಕೆ ರವೆ ಚೆಲ್ಲಿದ ಹಾಗೆ ಚುಕ್ಕಿಗಳು. ಕೆಲವು ಸಾಲುಗಳನ್ನು ಸ್ಪೇಸ್ ಒತ್ತಿ ಒತ್ತಿ ಒಳಗೆ ಸರಿಸಿದ್ದರು. ಹಾಡು ಮುಗಿದು ಹೊಸ ಪುಟ ಬೇಕಾದಲ್ಲೆಲ್ಲ ಎಂಟರ್ ಒತ್ತಿ ಒತ್ತಿ ಕೆಳಗೆ ಇಳಿದಿದ್ದರು. ನರಗುಂದದವರು ಇನ್ನೂ ಜಾಣರು. ಒಂದು ಕೋಷ್ಟಕ ಮಾಡಿ, ಗೆರೆ ಕಾಣದಂತೆ ಅಳಿಸಿ, ಒಂದೊಂದು ಮನೆಯಲ್ಲಿ ಒಂದೊಂದು ಸಾಲು ಕೂಡಿಸಿದ್ದರು. ಗಜೇಂದ್ರಗಡದ ಲಗ್ನಪತ್ರಿಕೆಯವರಂತೂ ಒಂದೊಂದು ನುಡಿಯನ್ನೂ, ಅಂದರೆ ಹಾಡಿನ ಒಂದೊಂದು ಚರಣವನ್ನೂ, ಒಂದೊಂದು ಪೆಟ್ಟಿಗೆಯಲ್ಲಿ ಹಾಕಿ, ಸುತ್ತ ಬಳ್ಳಿಯ ಅಂಚು ಬರೆದು, ಮೂಲೆಗೊಂದು ಹೂವು ಇಟ್ಟು, ಎಲ್ಲ ಸಾಲುಗಳನ್ನೂ ನಡುವಿಗೆ ತಂದಿದ್ದರು. ಕರಬಲದ ದುಃಖದ ಪದಕ್ಕೆ ವಧೂವರರ ಅಲಂಕಾರ!

ಇದು ನಮ್ಮ ಕಡೆಯ ರೋಗ. ಮೂರು ತಾಲ್ಲೂಕಿನಲ್ಲಿ ಪುಟ ಮಾಡಲು ಕಲಿತವರೆಲ್ಲ ಲಗ್ನಪತ್ರಿಕೆಯಿಂದಲೇ ಕಲಿತವರು. ಹಾಗಾಗಿ ಶ್ರದ್ಧಾಂಜಲಿಯೂ ನಡುವಿಗೆ, ಜಾಹೀರಾತೂ ನಡುವಿಗೆ, ಶಾಲೆಯ ವಾರ್ಷಿಕ ವರದಿಯೂ ನಡುವಿಗೆ. ಚಂದ ಕಾಣಲಿ ಎಂದು. ಈ ‘ಚಂದ ಕಾಣಲಿ’ ಎಂಬ ಮಾತಿನಷ್ಟು ನನ್ನ ಹೊಟ್ಟೆ ಉರಿಸಿದ ಮಾತು ಇನ್ನೊಂದಿಲ್ಲ.

ಮೊದಲು ರಿಪೇರಿ ಮಾಡಿಯೇ ನೋಡೋಣ ಎಂದುಕೊಂಡೆ. ಎರಡು ಕಡತಗಳು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿದ್ದವು. ಅವನ್ನು ಯೂನಿಕೋಡಿಗೆ ತಂದೆ. ಮೂರನ್ನೂ ಕೂಡಿಸಿದೆ. ದೊಡ್ಡ ಹಾಳೆಯ ಅಳತೆ ತೆಗೆದು, ಒಂದು ಕೈಯಲ್ಲಿ ಹಿಡಿಯುವಂಥ ಸಣ್ಣ ಪುಸ್ತಕದ ಅಳತೆ ಕೊಟ್ಟೆ. ಕೊಟ್ಟದ್ದೇ ತಡ, ಎಲ್ಲ ಕುಸಿದುಬಿತ್ತು. ಸ್ಪೇಸಿನಿಂದ ಅಟ್ಟಿದ ಸಾಲುಗಳು ಅಡ್ಡಾದಿಡ್ಡಿಯಾಗಿ ಮುರಿದವು. ಎಂಟರಿನಿಂದ ಇಳಿಸಿದ ಶೀರ್ಷಿಕೆಗಳು ಪುಟದ ನಟ್ಟನಡುವೆ ಬಂದು ಕೂತವು. ಕೋಷ್ಟಕದ ಬಲಗಡೆ ಕಾಗದದಾಚೆ ಹೋಯಿತು. ಪೆಟ್ಟಿಗೆಗಳು ಒಂದರ ಮೇಲೊಂದು ಏರಿ ಕೂತವು. ಒಂದು ಕಡೆ ಸರಿ ಮಾಡಿದರೆ ನಾಲ್ಕು ಕಡೆ ಕೆಡುತ್ತಿತ್ತು. ಅದರ ನಡುವೆ ಕರೆಂಟು ಹೋಗುವುದು, ಯುಪಿಎಸ್ಸು ಕೀಚಲು ದನಿಯಲ್ಲಿ ಕೂಗುವುದು, ನಾನು ಯುಪಿಎಸ್ಸಿಗೂ ಬೈಯುವುದು.

ಹೀಗೆ ಗುದ್ದಾಡಿ ಬೇಸತ್ತ ಮೇಲೆ ನಿರ್ಧಾರ ಮಾಡಿದೆ. ರಿಪೇರಿ ಬೇಡ. ಎಲ್ಲ ಬಟ್ಟೆ ಕಳಚಿ ಬರೀ ಅಕ್ಷರ ಉಳಿಸಿಕೊಳ್ಳುವುದು. ಪೂರ್ತಿ ನಕಲು ಮಾಡಿ ಹೊಸ ಕಡತದಲ್ಲಿ ಅಂಟಿಸುವಾಗ ‘ಪಠ್ಯ ಮಾತ್ರ’ ಎಂಬ ಆಯ್ಕೆ ಒತ್ತಿದರೆ ಬಣ್ಣ, ಬಳ್ಳಿ, ಕೋಷ್ಟಕ ಎಲ್ಲ ಉದುರಿಹೋಗುತ್ತವೆ. ಪೆಟ್ಟಿಗೆಯೊಳಗಿನ ಸಾಲುಗಳನ್ನು ಮಾತ್ರ ಒಂದೊಂದಾಗಿ ಹೊರಗೆ ತೆಗೆಯಬೇಕಿತ್ತು. ಆದರೆ ಹಾಗೆ ಕಳಚುವ ಮುನ್ನ ಒಂದು ಪ್ರಶ್ನೆ ಇತ್ತು. ರೋಣದ ಕಡತದಲ್ಲಿ ಕೆಲವು ಸಾಲುಗಳಷ್ಟೇ ಒಳಗೆ ಸರಿದಿದ್ದವು, ಉಳಿದವು ಅಂಚಿಗಿದ್ದವು. ಒತ್ತಿದವನು ದಡ್ಡನೇ ಇರಬಹುದು, ಆದರೆ ಇಷ್ಟು ಸಲ ಒತ್ತುವ ಕಷ್ಟ ಸುಮ್ಮಸುಮ್ಮನೆ ಯಾರು ತೆಗೆದುಕೊಳ್ಳುತ್ತಾರೆ? ಮಾಸ್ತರರಿಗೆ ಫೋನು ಹಚ್ಚಿದೆ.

“ಅದಾ? ಚಂದ ಕಾಣ್ಲಿ ಅಂತ ಸರಸಿರ್ತಾರ ತಗೋ,” ಎಂದರು.

ನನಗೆ ನಂಬಿಕೆ ಬರಲಿಲ್ಲ. “ಅಜ್ಜಾರ್ನ ಕರಕೊಂಡು ಬರ್ರಿ,” ಎಂದೆ.

ಮರುದಿನ ಅಳಿಯನ ಗೂಡ್ಸ್ ಆಟೋದಲ್ಲಿ ಅಜ್ಜ ಬಂದರು. ಕೊರಳಿಗೆ ಹಸಿರು ವಸ್ತ್ರ ಸುತ್ತಿಕೊಂಡಿದ್ದರು. ಗಾದಿ ಹೊಲಿದು ಹೊಲಿದು ಬೆರಳುಗಳ ತುದಿ ಗಟ್ಟಿಯಾಗಿತ್ತು. ಸಲಾಮು ಮಾಡಿ ಕೂತರು. ನಾನು ತೆರೆಯ ಮೇಲೆ ರೋಣದ ಕಡತ ತೋರಿಸಿ, ಈ ಸಾಲು ಒಳಗೆ ಯಾಕೆ ಎಂದು ಕೇಳಿದೆ. ಅಜ್ಜ ತುಟಿ ತೆರೆದು, ಏನೂ ಹೊರಡದೆ, ಮತ್ತೆ ಮುಚ್ಚಿ, ಮೇಜಿನ ಮೇಲಿದ್ದ ಒಂದು ಪುಸ್ತಕ ಎತ್ತಿಕೊಂಡರು. ಎಡಗೈಯಲ್ಲಿ ಹಿಡಿದು ಹೆಬ್ಬೆರಳನ್ನು ಪುಟದ ಎಡ ಅಂಚಿನ ಮೇಲೆ ಇಟ್ಟು, ಮೆಲ್ಲಗೆ ಕೆಳಗೆ ಜಾರಿಸುತ್ತ ಹೋದರು.

ಅಳಿಯನಿಗೆ ಅರ್ಥವಾಯಿತು. “ಮಾವಾರು ಹಾಡೂ ಮುಂದ ಹಾಳಿ ಹಿಂಗ ಹಿಡೀತಿದ್ರು ನೋಡ್ರಿ ಅಕ್ಕಾರ. ಹೆಬ್ಬಟ್ಟಿಗೆ ತಾಗೂ ಸಾಲು ಮುಂದಿನವರದು. ಹೆಬ್ಬಟ್ಟು ಬಿಟ್ಟು ಒಳಗ ಇರೂ ಸಾಲು ಹಿಂದಿನವರದು. ಮಂದಿ ಗದ್ದಲದಾಗ, ಬೆಳಕ ಕಮ್ಮಿ ಇದ್ದಾಗ, ಓದಾಕ ಹೋಗಬಾರದ್ರಿ. ಹೆಬ್ಬಟ್ಟ ಹೇಳತೈತಿ, ಹಾಡ್ಬೇಕೋ ನಿಂದರ್ಬೇಕೋ ಅಂತ.”

ಆ ಜಾಣತನಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಜೊತೆಗೇ ಕೆಟ್ಟ ಸಿಟ್ಟೂ ಬಂತು. ಒಬ್ಬ ಮನುಷ್ಯ ಇಷ್ಟು ಹದವಾಗಿ ಮಾಡಿಟ್ಟುಕೊಂಡದ್ದನ್ನು ಮೂರು ಊರು ಸೇರಿ ಹಾಳು ಮಾಡಿದ್ದವು. ನರಗುಂದದ ಕೋಷ್ಟಕದಲ್ಲಿ ಎಲ್ಲ ಸಾಲೂ ಒಂದೇ ನೇರಕ್ಕಿತ್ತು. ಗಜೇಂದ್ರಗಡದ ಪೆಟ್ಟಿಗೆಗಳಲ್ಲಿ ಎಲ್ಲವೂ ನಡುವಿಗಿತ್ತು. ಯಾವ ಸಾಲು ಯಾರದು ಎಂಬುದು ಅಜ್ಜನ ತಲೆಯಲ್ಲಿ ಮಾತ್ರ ಉಳಿದಿತ್ತು, ಹೇಳಲು ದನಿ ಇರಲಿಲ್ಲ.

ಆಗ ಮೂರು ಶೈಲಿಗಳನ್ನು ಮಾಡಿದೆ. ವರ್ಡ್‌ನಲ್ಲಿ ಸ್ಟೈಲ್ ಎಂಬುದೊಂದಿದೆ. ಎಲ್ಲರ ಕಣ್ಣ ಮುಂದೆಯೇ, ತೆರೆಯ ಮೇಲ್ಭಾಗದಲ್ಲಿ ಸಾಲಾಗಿ ಕೂತಿರುತ್ತದೆ, ಯಾರೂ ಮುಟ್ಟುವುದಿಲ್ಲ. ಸಾಲಿನ ಅಳತೆ, ಅಂತರ, ಅಕ್ಷರದ ಗಾತ್ರ ಎಲ್ಲವನ್ನೂ ಒಂದು ಹೆಸರಿನ ಕೆಳಗೆ ಕಟ್ಟಿಟ್ಟುಬಿಡುವುದು. ಹೆಸರಿನಲ್ಲಿ ಒಮ್ಮೆ ಬದಲಿಸಿದರೆ ಪುಸ್ತಕದುದ್ದಕ್ಕೂ ಬದಲಾಗುತ್ತದೆ. ‘ಮುಂದಿನವರು’, ‘ಹಿಂದಿನವರು’, ‘ಎಲ್ಲರೂ’ ಎಂದು ಹೆಸರಿಟ್ಟೆ. ಒಂದೊಂದಕ್ಕೆ ಕೀಲಿಯನ್ನೂ ಕೊಟ್ಟೆ. ಆಲ್ಟ್ ಜೊತೆ ಒಂದು ಒತ್ತಿದರೆ ಮುಂದಿನವರು, ಎರಡು ಒತ್ತಿದರೆ ಹಿಂದಿನವರು, ಮೂರು ಒತ್ತಿದರೆ ಎಲ್ಲರೂ.

ಕೆಲಸ ಹೀಗೆ ನಡೆಯಿತು. ಮಾಸ್ತರು ಒಂದು ಸಾಲು ಗಟ್ಟಿಯಾಗಿ ಓದುವರು. ಅಜ್ಜ ಒಂದೇ ಬೆರಳಿನಿಂದ ಮೇಜು ಕುಟ್ಟಿದರೆ ಅದು ಮುಂದಿನವರದು. ಅಂಗೈಯಿಂದ ಬಡಿದರೆ ಹಿಂದಿನವರದು. ಎರಡೂ ಕೈ ಇಟ್ಟರೆ ಎಲ್ಲರದು. ನಾನು ಕೀಲಿ ಒತ್ತುವೆ.

“ಕರಬಲ ಬಯಲಾಗ ನೀರ ಬತ್ತಿದ ಹೊತ್ತಿನ್ಯಾಗ,” ಎಂದು ಮಾಸ್ತರು. ಟಕ್. ಒಂದು.

“ಕೊಡ ಹೊತ್ತು ಹೋದಾಂವ ಎಲ್ಲಿ ತಡದಾನ.” ಧಪ್. ಎರಡು.

“ಎಲ್ಲಿ ತಡದಾನ ನನ ಮಗ ಎಲ್ಲಿ ತಡದಾನ.” ಟಕ್.

“ಇಲ್ಲ, ಇದು ನಮ್ಮದು. ಹಿಂದಿನವರದು,” ಎಂದರು ಮಾಸ್ತರು.

ಅಜ್ಜ ಮತ್ತೆ ಒಂದೇ ಬೆರಳಿನಿಂದ ಟಕ್ ಎಂದು ಕುಟ್ಟಿದರು.

“ಅಜ್ಜಾರ, ಇಷ್ಟು ವರ್ಷ ಹಾಡೀನಿ, ನನಗ ಗೊತ್ತಿಲ್ಲೇನು?”

ಟಕ್ ಟಕ್ ಟಕ್! ಚಹದ ಕಪ್ಪು ಬಸಿಯಲ್ಲೇ ಜಿಗಿಯಿತು. ಅಜ್ಜನ ಕಣ್ಣು ಕೆಂಪಾಗಿತ್ತು. ದನಿಯಿಲ್ಲದವನ ಸಿಟ್ಟು ಎಷ್ಟು ಜೋರಿರುತ್ತದೆಂದು ನಾನು ಅಂದು ನೋಡಿದೆ. ಮಾಸ್ತರು ಕಣ್ಣು ಮುಚ್ಚಿ ತಮ್ಮೊಳಗೇ ಆ ಸಾಲನ್ನು ಗುನುಗಿ ನೋಡಿ, “ಖರೇ, ಖರೇ. ಅಲ್ಲಿ ಅವರ ಇನ್ನೊಮ್ಮೆ ತಗೋತಾರ. ನಾವು ಆಮ್ಯಾಲೆ,” ಎಂದರು. ನಾನು ಒಂದು ಒತ್ತಿದೆ. ಹೀಗೆ ದಿನವೆಲ್ಲ ಕುಟ್ಟಿ, ಬಡಿದು, ಜಗಳಾಡಿ, ಕೊನೆಯ ಪದದವರೆಗೆ ಬಂದೆವು.

ಒಳಸರಿತ ಎಷ್ಟಿರಬೇಕೆಂದು ಕೇಳಿದಾಗ ಅಜ್ಜ ನಾನು ಚಾಚಿದ ಅಳತೆಪಟ್ಟಿಯ ಕಡೆಗೆ ನೋಡಲೇ ಇಲ್ಲ. ನಾನು ಅಚ್ಚು ತೆಗೆದ ಪುಟದ ಮೇಲೆ ತಮ್ಮ ಹೆಬ್ಬೆರಳು ಊರಿದರು. ಅದರ ಅಗಲವನ್ನೇ ಅಳೆದು ‘ಹಿಂದಿನವರು’ ಶೈಲಿಯಲ್ಲಿ ಬರೆದೆ. ‘ಎಲ್ಲರೂ’ ಸಾಲನ್ನು ಅಂಚಿಗೇ ಇಟ್ಟು ಅಕ್ಷರ ದಪ್ಪ ಮಾಡಿದೆ. ಇನ್ನೊಂದು ತೊಡಕಿತ್ತು. ಉದ್ದ ಸಾಲು ಪುಟದ ಅಗಲಕ್ಕೆ ಹಿಡಿಸದೆ ಕೆಳಗೆ ಬಿದ್ದರೆ, ಆ ಬಿದ್ದ ತುಂಡು ಹಿಂದಿನವರ ಸಾಲಿನಂತೆ ಕಾಣಬಾರದು, ಮುಂದಿನವರ ಹೊಸ ಸಾಲಿನಂತೆಯೂ ಕಾಣಬಾರದು. ಅದಕ್ಕೆ ಹ್ಯಾಂಗಿಂಗ್ ಎಂಬ ಆಯ್ಕೆಯಿದೆ. ಮುರಿದ ತುಂಡು ಎಷ್ಟು ಒಳಗೆ ಬೀಳಬೇಕೆಂದು ಅಲ್ಲಿ ಹೇಳಬಹುದು. ಅದನ್ನು ಇನ್ನೂ ಆಚೆಗೆ, ಎರಡು ಹೆಬ್ಬೆರಳು ದಾಟುವಷ್ಟು ದೂರಕ್ಕೆ ತಳ್ಳಿದೆ. ಒಂದು ನುಡಿ ಎರಡು ಪುಟಕ್ಕೆ ಹರಿಯದಂತೆ, ಸಾಲುಗಳು ಮುಂದಿನ ಸಾಲಿನ ಜೊತೆಗೇ ಇರಲಿ ಎಂಬ ಗುರುತು ಹಾಕಿದೆ. ಹಾಡುವವನಿಗೆ ನುಡಿಯ ನಡುವೆ ಪುಟ ತಿರುವುತ್ತ ನಿಲ್ಲಲಾಗುತ್ತದೆಯೇ? ಪದದ ಶೀರ್ಷಿಕೆಗೆ ‘ಹೊಸ ಪುಟದಿಂದ’ ಎಂದು ಶೈಲಿಯಲ್ಲೇ ಹೇಳಿದೆ, ಎಂಟರಿನ ಏಣಿ ಬೇಕಾಗಲಿಲ್ಲ. ನುಡಿಗಳ ನಡುವಿನ ಅಂತರವನ್ನೂ ಶೈಲಿಯಲ್ಲೇ ಕೊಟ್ಟೆ, ಒಂದೂ ಖಾಲಿ ಸಾಲಿಲ್ಲದೆ. ಸಾಲಿನ ಎತ್ತರವನ್ನು ‘ಇಷ್ಟೇ’ ಎಂದು ಬಿಗಿದರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ, ಇಂಗ್ಲಿಷಿಗೆ ಆ ಕಷ್ಟವಿಲ್ಲ. ಅದಕ್ಕೆ ‘ಕನಿಷ್ಠ ಇಷ್ಟು’ ಎಂದು ಸಡಿಲ ಬಿಟ್ಟೆ.

ಕಡತ ಚೊಕ್ಕವಾಯಿತು. ಕಾಣದ ಗುರುತು ತೆರೆದು ನೋಡಿದರೆ ಒಂದು ಅನಗತ್ಯ ಚುಕ್ಕಿ ಇಲ್ಲ. ಎಷ್ಟೋ ದಿನಗಳಿಂದ ಇಳಿಯದ ಸಿಟ್ಟು ಆಗ ಸ್ವಲ್ಪ ಇಳಿದಿತ್ತು. ತಪ್ಪು ತಿದ್ದಲು ಮಾಸ್ತರು ತಮ್ಮ ಲ್ಯಾಪ್‌ಟಾಪಿಗೇ ಕಡತ ಬೇಕೆಂದರು. ಕಾಗದದ ಮೇಲೆ ತಿದ್ದಲು ಕಣ್ಣು ಸಾಲದು, ತೆರೆಯಲ್ಲಾದರೆ ದೊಡ್ಡದು ಮಾಡಿಕೊಂಡು ನೋಡಬಹುದು ಎಂಬುದು ಅವರ ಮಾತು. ಕಳಿಸಿದೆ.

ಆಮೇಲೆ ಬಂದದ್ದು ಮಾಸ್ತರರ ಫೋನಲ್ಲ, ಗದುಗಿನ ಪ್ರೆಸ್ಸಿನವರದು.

“ಅಕ್ಕಾರ, ನಿಮ್ಮ ರಿವಾಯತ್ ಪುಸ್ತಕದ ಫೈಲು ಮಾಸ್ತರು ಕಳಸ್ಯಾರ. ಅಚ್ಚಿನ ಪ್ಲೇಟ್ ಮಾಡಾಕ ಕೊಡ್ಲೇನು?”

“ನನಗೊಮ್ಮೆ ಕಳಸ್ರಿ, ನೋಡತೇನಿ,” ಎಂದೆ. ತೆರೆದು ನೋಡಿದೆ. ಪ್ರತಿ ಸಾಲೂ ನಡುವಿಗೆ ಬಂದಿತ್ತು. ಪುಟದ ಸುತ್ತ ಬಳ್ಳಿ. ನುಡಿಗಳ ನಡುವೆ ಎಂಟರು. ಕೆಲವು ಕಡೆ, ನಡುವಿಗೆ ಬಂದದ್ದೂ ಸಾಲದೆಂದು, ಸ್ಪೇಸು. ಪ್ರೆಸ್ಸಿನವರಿಗೆ, “ಅದನ್ನ ಮುಟ್ಟಬ್ಯಾಡ್ರಿ, ನಾ ಹೇಳೂತನಕ ಏನೂ ಮಾಡಬ್ಯಾಡ್ರಿ,” ಎಂದು ಕೂಗಿದೆ. ಮಾಸ್ತರರಿಗೂ ಅಳಿಯನಿಗೂ ಈಗಿಂದೀಗ ಬರಬೇಕೆಂದು ಹೇಳಿದೆ.

ಮಧ್ಯಾಹ್ನ ಎಲ್ಲರೂ ಸೇರಿದರು. ಅಜ್ಜನೂ ಬಂದಿದ್ದರು. ನಾನು ಬಾಗಿಲಲ್ಲೇ ಶುರು ಮಾಡಿದೆ.

“ಯಾರು ಹೇಳಿದ್ರು ನಿಮಗ ನಡಕ ತರಾಕ? ಅಜ್ಜಾರು ದಿನಾಪೂರ್ತಿ ಕೈ ಬಡದು ಹೇಳಿದ್ದು ಸುಳ್ಳೇನು?”

“ಹಂಗಲ್ಲವಾ. ಎಲ್ಲಾ ಸಾಲು ಎಡಕ್ಕ ಬಿದ್ದಿದ್ವು. ಅಚ್ಚಿನ ಪುಸ್ತಕ ಅಂದ್ರ ಒಂದು ಅಂದ ಇರಬೇಕಲ್ಲ? ಪದ ಅಂದ್ರ ನಡಕ ಇರಬೇಕು. ಊರ ಹಿರಿಯರು ಕೈಯಾಗ ಹಿಡಿದು ನೋಡ್ತಾರ. ಚಂದ ಕಾಣ್ಲಿ ಅಂತ…”

“ಚಂದಕ್ಕ ಬೆಂಕಿ ಹಚ್ರಿ! ಮಾಸ್ತರ, ಇದು ಲಗ್ನಪತ್ರಿಕಿ ಅಲ್ಲ. ಮುಂದಿನವರ ಸಾಲು ಯಾವುದು, ಹಿಂದಿನವರದು ಯಾವುದು, ಇದರಾಗ ಹ್ಯಾಂಗ ಗೊತ್ತಾಗಬೇಕು?”

“ಅದು ಹಾಡೋರಿಗೆ ಗೊತ್ತಿರತೈತವಾ. ಎಲ್ಲಾ ಬಾಯಾಗ ಐತಿ.”

“ಬಾಯಾಗ ಇದ್ದವರಿಗೆ ಪುಸ್ತಕ ಯಾಕ್ರಿ ಬೇಕು?”

ಮಾಸ್ತರರ ಮುಖವೂ ಕೆಂಪಾಯಿತು. “ಹಂಗಾರ ನನ್ನ ಹೆಸರು ತೆಗೆದುಬಿಡು. ನಿನಗ ಹ್ಯಾಂಗ ಬೇಕೋ ಹಂಗ ಮಾಡ್ಕೋ,” ಎಂದು ಎದ್ದರು. ನಾನೂ, “ತೆಗೀತೇನಿ,” ಎಂದೆ. ಅಜ್ಜ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು.

ನಡುವೆ ಬಂದವನು ಅಳಿಯ. ಅಲ್ಲಿಯವರೆಗೆ ಗೋಡೆಗೆ ಆತು ನಿಂತಿದ್ದವನು, “ಮಾಸ್ತರ, ಆ ನಿಮ್ಮ ಪುಟಾ ಒಂದು ತಗದು ಕೊಡ್ರಿಲ್ಲೆ. ಹಾಡಿ ನೋಡೂಣು,” ಎಂದ.

ನಾನು ಸಿಟ್ಟಿನಲ್ಲೇ ಮಾಸ್ತರರ ಪುಟವನ್ನು ಅಚ್ಚು ತೆಗೆದು ಅವನ ಕೈಗೆ ಕೊಟ್ಟೆ. ಅವನು ಮಾವನ ಹಾಗೆ ಎಡಗೈಯಲ್ಲಿ ಹಿಡಿದು ಅಂಚಿನ ಮೇಲೆ ಹೆಬ್ಬೆರಳಿಟ್ಟ. ಗಂಟಲು ಸರಿ ಮಾಡಿಕೊಂಡ. ದನಿ ಸಣ್ಣದಿದ್ದರೂ ಶ್ರುತಿ ಇತ್ತು. ಮೊದಲ ಸಾಲು ಎತ್ತಿದ. ಅದು ಮುಗಿದದ್ದು ಅವನಿಗೆ ತಿಳಿಯಲಿಲ್ಲ. ಹಾಗೆಯೇ ಎರಡನೆಯದಕ್ಕೆ ಹೋದ. ಅದೇ ಹೊತ್ತಿಗೆ ಮಾಸ್ತರು, ಎದ್ದು ಹೊರಟಿದ್ದವರು, ರೂಢಿಯಂತೆ ಹಿಂದಿನವರ ದನಿ ಎತ್ತಿದರು. ಎರಡೂ ಡಿಕ್ಕಿ ಹೊಡೆದವು. ಅಳಿಯ ಗಾಬರಿಯಿಂದ ನಿಂತ. ಮತ್ತೆ ಶುರು ಮಾಡಿದ. ಈ ಸಲ ಭಯಕ್ಕೆ ಬೇಗ ನಿಂತುಬಿಟ್ಟ. ಮಾಸ್ತರು ಸುಮ್ಮನೆ ಕಾದರು. ಮೂರನೆಯ ಸಲ ಅವನು ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದ. ಅದಕ್ಕೆ ಯಾವ ಸಾಲೂ ತಾಗುತ್ತಿರಲಿಲ್ಲ.

“ಎಲ್ಲಿ ನಿಂದರ್ಬೇಕು ಗೊತ್ತಾಗವಲ್ದ್ರಿ ಮಾಸ್ತರ,” ಎಂದ. ಕಣ್ಣಲ್ಲಿ ನೀರು ಬಂದಿತ್ತು. “ಕುಣಿ ಮುಂದ ನಿಂತು ಹಿಂಗ ಮಾಡಿದ್ರ ಮಾವಾರ ಮುಖ ಹ್ಯಾಂಗ ನೋಡ್ಲಿ?”

ಅಜ್ಜ ಕೈ ಚಾಚಿ ಆ ಪುಟವನ್ನು ತೆಗೆದುಕೊಂಡರು. ಕುಟ್ಟಲಿಲ್ಲ, ಬಡಿಯಲಿಲ್ಲ. ಮಡಚಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಮಾಸ್ತರು ನಿಧಾನವಾಗಿ ಮತ್ತೆ ಕುರ್ಚಿಯಲ್ಲಿ ಕೂತರು. “ನಾ ಹಾಳಿ ನೋಡೇ ಹಾಡಿಲ್ಲವಾ, ಒಂದು ದಿನಾನೂ,” ಎಂದರು. “ಅಜ್ಜಾರು ಎತ್ತಿದ ಕೂಡ್ಲೇ ಬಾಯಿ ತಾನ ತೆರೀತಿತ್ತು.” ತೆರೆಯ ಕಡೆ ತಿರುಗಿ, “ಈಗ ಮತ್ತ ಮೊದಲಿಂದ ಮಾಡಬೇಕೇನು? ನಿನ್ನ ಹಳೆ ಫೈಲ್ ಐತಲ್ಲ, ಅದನ್ನ ಕಳಸಿಬಿಡು,” ಎಂದರು.

ನನಗೂ ಬಾಯಿಗೆ ಬಂದದ್ದು ಅದೇ. ನನ್ನ ಹಳೆಯ ಕಡತವನ್ನು ಪ್ರೆಸ್ಸಿಗೆ ಎಸೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮಾಸ್ತರರ ಕಡತವನ್ನು ಇನ್ನೊಮ್ಮೆ ನೋಡಿದೆ. ಹಳೆಯ ಫಾಂಟಿನಿಂದ ಬರುವಾಗ ಮುರಿದ ಅಕ್ಷರಗಳನ್ನೆಲ್ಲ ಅವರು ಕೂತು ಒಂದೊಂದಾಗಿ ಕೂಡಿಸಿದ್ದರು. ಅಂಗಡಿಯವರು ಬಿಟ್ಟ ಸಾಲುಗಳನ್ನು ನೆನಪಿನಿಂದ ಸೇರಿಸಿದ್ದರು. ಎಲ್ಲೆಲ್ಲಿ ತಿದ್ದಿದರೆಂದು ಅವರಿಗೇ ನೆನಪಿರಲಿಲ್ಲ. ಹಳೆಯದನ್ನು ಕಳಿಸಿದರೆ ಆ ತಿದ್ದುಪಡಿ ಎಲ್ಲ ಹೋಗುತ್ತಿತ್ತು. ಹೊಸದಾಗಿ ಓದಿ ತಿದ್ದಲು ದಿನಗಳಿರಲಿಲ್ಲ. ಸಿಟ್ಟು ನುಂಗಿ ಅವರ ಕಡತವನ್ನೇ ತೆಗೆದುಕೊಂಡೆ.

“ಇಲ್ಲಿ ನೋಡ್ರಿ,” ಎಂದು ಕುರ್ಚಿ ಎಳೆದು ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡೆ. “ನೀವು ಮ್ಯಾಲಿಂದ ಬಣ್ಣ ಬಳದೀರಿ ಅಷ್ಟ. ಸಾಲಿಗೆ ನಾ ಕೊಟ್ಟ ಹೆಸರು ಹಂಗ ಐತಿ.” ಕಂಟ್ರೋಲ್ ಜೊತೆ ಎ ಒತ್ತಿ ಪೂರ್ತಿ ಹಿಡಿದೆ. ಕಂಟ್ರೋಲ್ ಜೊತೆ ಕ್ಯೂ ಒತ್ತಿದೆ. ಮೇಲಿಂದ ಹೇರಿದ ಅಳತೆಗಳನ್ನೆಲ್ಲ ಕಿತ್ತು, ಸಾಲುಗಳನ್ನು ತಂತಮ್ಮ ಶೈಲಿಗೆ ಮರಳಿಸುವ ಕೀಲಿ ಅದು. ನಡುವಿನಲ್ಲಿ ಗುಂಪುಗೂಡಿದ್ದ ಸಾಲುಗಳು ಒಮ್ಮೆಲೇ ಎಡಕ್ಕೆ ಸರಿದವು, ಕೆಲವು ಅಂಚಿಗೆ, ಕೆಲವು ಒಂದು ಹೆಬ್ಬೆರಳು ಒಳಗೆ. ಮಾಸ್ತರು, “ಅಯ್ಯ ಶಿವನ!” ಎಂದರು.

ಉಳಿದದ್ದು ಕಸ ಗುಡಿಸುವ ಕೆಲಸ. ಹುಡುಕು ಮತ್ತು ಬದಲಿಸು ಎಂಬಲ್ಲಿ, ಸಾಲಿನ ಮೊದಲಿಗೆ ಬರುವ ಸ್ಪೇಸುಗಳನ್ನೆಲ್ಲ ಒಂದೇ ಸಲಕ್ಕೆ ತೆಗೆಸಿದೆ. ಒಂದರ ಹಿಂದೆ ಒಂದು ಬಂದ ಎಂಟರುಗಳನ್ನು ಒಂದಕ್ಕೆ ಇಳಿಸಿದೆ, ಇನ್ನು ಸಿಗುವುದಿಲ್ಲ ಎಂದು ಅದೇ ಹೇಳುವವರೆಗೆ. ನುಡಿಗಳ ಅಂತರ ಶೈಲಿಯಲ್ಲೇ ಇದ್ದುದರಿಂದ ಖಾಲಿ ಸಾಲು ಹೋದರೂ ಪುಟ ಕೆಡಲಿಲ್ಲ. ಬಳ್ಳಿಯ ಅಂಚನ್ನು ಕಿತ್ತು ಬಿಸಾಡಿದೆ. ಅದನ್ನು ಕೀಳುವಾಗ ಮಾಸ್ತರು, “ಮೊದಲನೇ ಪುಟಕ್ಕರ ಇರ್ಲಿ ಬಿಡವಾ,” ಎಂದರು. ನಾನು ದುರುಗುಟ್ಟಿ ನೋಡಿದೆ. ಆದರೆ ಮೊದಲ ಪುಟಕ್ಕೆ ಒಂದು ಸಣ್ಣ ಬಳ್ಳಿ ಬಿಟ್ಟೆ. ಸಂಪಾದಕರೆಂದು ಅವರ ಹೆಸರನ್ನೂ ಬಿಟ್ಟೆ.

ಈ ಸಲ ಪ್ರೆಸ್ಸಿಗೆ ಹೋದದ್ದು ಪಿಡಿಎಫ್. ಅಕ್ಷರಗಳನ್ನು ತನ್ನೊಳಗೇ ಕಟ್ಟಿಕೊಂಡು ಹೋಗುವ, ದಾರಿಯಲ್ಲಿ ಸುಲಭಕ್ಕೆ ಯಾರೂ ‘ಚಂದ’ ಮಾಡಲಾಗದ ಕಡತ. ಕಳಿಸಿದ್ದೂ ನಾನೇ.

ಚಂದ್ರ ಕಂಡ ಸಂಜೆ ಪುರ್ತಗೇರಿಗೆ ಹೋದೆ. ಪುಸ್ತಕದ ಕಟ್ಟು ಅಳಿಯನ ಆಟೋದಲ್ಲೇ ಬಂದಿತ್ತು, ಇನ್ನೂ ಅಂಟಿನ ವಾಸನೆ ಹೊಡೆಯುತ್ತಿತ್ತು. ಗುದ್ದಲಿ ಬಿತ್ತು. ಊದಿನ ಹೊಗೆ ಎದ್ದಿತು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿ ವಿದ್ಯುತ್ ಫ್ಯಾನುಗಳ ಕೆಂಪು ದೀಪಗಳು ದೂರದಲ್ಲಿ ಹೊತ್ತಿಕೊಂಡವು. ಮೇಳದವರು ನಿಂತರು. ಅಜ್ಜನನ್ನು ಪಕ್ಕದ ಕಟ್ಟೆಯ ಮೇಲೆ ಕೂಡಿಸಿದ್ದರು, ಕೈಯಲ್ಲೊಂದು ಪುಸ್ತಕ. ಲಗ್ನಪತ್ರಿಕೆಯ ಅಂಗಡಿಯವನೂ ಬಂದಿದ್ದ. ಪುಸ್ತಕ ತಿರುವಿ, “ಅಕ್ಕಾರ, ಎಲ್ಲಾ ಸಾಲು ಎಡಕ್ಕ ಬಿದ್ದಾವಲ್ರಿ,” ಎಂದ. ಕುಣಿಯ ಮುಂದೆ ಬೈಯಬಾರದೆಂದು ಹಲ್ಲು ಕಚ್ಚಿಕೊಂಡೆ.

ಅಳಿಯ ಹೆಬ್ಬೆರಳನ್ನು ಅಂಚಿಗೆ ಇಟ್ಟು ಎತ್ತಿದ. ಸಾಲಿನ ಕೊನೆಗೆ ಬಂದು ನಿಂತ. ಸರಿಯಾಗಿ ನಿಂತ. ಹಿಂದಿನವರು ಒಂದೇ ದನಿಯಲ್ಲಿ ಏರಿ ಬಂದರು. ಮತ್ತೆ ಅವನು, ಮತ್ತೆ ಅವರು. ಮಾವನ ಗಟ್ಟಿತನ ಆ ದನಿಗೆ ಇರಲಿಲ್ಲ, ಮೊದಮೊದಲು ನಡುಗುತ್ತಲೂ ಇತ್ತು. ಆದರೆ ಒಮ್ಮೆಯೂ ಡಿಕ್ಕಿ ಹೊಡೆಯಲಿಲ್ಲ. ಮಾಸ್ತರು ಪುಸ್ತಕವನ್ನು ತೆರೆದು ಹಿಡಿದಿದ್ದರು, ನೋಡುತ್ತಿರಲಿಲ್ಲ.

ನಾನು ಅಜ್ಜನ ಕಡೆ ನೋಡಿದೆ. ಅವರ ಹೆಬ್ಬೆರಳೂ ಅಂಚಿನ ಮೇಲಿತ್ತು. ಮುಂದಿನವರ ಸಾಲು ಬಂದಾಗಲೆಲ್ಲ ಅವರ ಎದೆ ಉಸಿರು ತುಂಬಿಕೊಂಡು ಏಳುತ್ತಿತ್ತು, ಹಾಗೇ ಇಳಿಯುತ್ತಿತ್ತು. ಅಂಥ ದನಿ ಹೋಯಿತಲ್ಲ ಎಂದು ನನಗೆ ಆಗ ಬಂದ ಸಿಟ್ಟಿಗೆ ಬೈಯಲು ಯಾರೂ ಇರಲಿಲ್ಲ. ಎರಡನೆಯ ಪದ ಶುರುವಾಯಿತು. ಅಜ್ಜ ಹೆಬ್ಬೆರಳನ್ನು ಅಂಚಿನಿಂದ ಎತ್ತಿದರು. ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದು, ಒಳಗೆ ಸರಿಸಿ, ಹಿಂದಿನವರ ಸಾಲಿನ ಮೊದಲಿಗೆ ಇಟ್ಟರು. ಆ ಸಾಲು ಬಂದಾಗ ಅವರ ತುಟಿಗಳು ಮೇಳದ ಜೊತೆ ಆಡಿದವು, ಸದ್ದಿಲ್ಲದೆ.

ಮಾಸ್ತರೂ ಅದನ್ನು ನೋಡಿದ್ದರು. ಪದ ಮುಗಿದಾಗ ನನ್ನ ಕಡೆ ಬಾಗಿ, “ನೋಡಿದ್ಯೇನವಾ,” ಎಂದರು. “ಅಜ್ಜ ನಮ್ಮ ಕಡೆ ಬಂದ.”